ಅಂಚಿಗೆ ಬಂದ ಹುಳ

(ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಒಂದು ಹುಳುಮನೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಮೂರು ದಿನವಾಗಿದೆ. ಮಾತಾಡುತ್ತಿರುವವರು ಇಬ್ಬರು: ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ ದೊಡ್ಡಮ್ಮ, ಮತ್ತು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಓದುತ್ತಿರುವ ಅವರ ತಂಗಿಯ ಮಗಳು.)

— ಅದನ್ನ ಕೈಯಲ್ಲಿ ಮುಟ್ಟಬೇಡ. ಅಂಚಲ್ಲಿ ಓಡಾಡ್ತಾ ಐತಲ್ಲ, ಅದು ಹಾಲು ಹುಳ. ಕಡ್ಡೀಲಿ ಎತ್ತಿ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕು.

— ಮೈ ಇನ್ನೂ ಊದಿಲ್ಲ, ಹಾಲೂ ಸೋರ್ತಿಲ್ಲ. ಹೇಗೆ ಗೊತ್ತಾಯ್ತು ದೊಡ್ಡಮ್ಮ?

— ನಡಿಗೆ ನೋಡಿದ್ರೆ ಗೊತ್ತಾಗಲ್ವ? ಈ ವಯಸ್ಸಲ್ಲಿ ಹುಳಕ್ಕೆ ಸೊಪ್ಪು ಬಿಟ್ಟು ಬೇರೆ ಲೋಕ ಇಲ್ಲ. ರಾತ್ರಿ ಬಾಗಿಲ ಹತ್ರ ನಿಂತ್ರೆ ತಿನ್ನೋ ಸದ್ದು ಮಳೆ ಬಂದಂಗೆ ಕೇಳ್ತದೆ. ಈ ಹುಳ ನೋಡು, ಸೊಪ್ಪಿಗೆ ಬಾಯೇ ಇಡಲ್ಲ. ನಡೀತದೆ, ನಡೀತಾನೇ ಇರ್ತದೆ. ಅಂಚು ಸಿಕ್ಕಿದ್ರೆ ಅಂಚು, ಕಂಬ ಸಿಕ್ಕಿದ್ರೆ ಕಂಬ. ಕೊನೆಗೆ ಹಿಂಗಾಲಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ನೇತಾಡ್ತಾ ಸಾಯ್ತದೆ. ಮೈ ಒಡೆದು ಆ ಹಾಲು ಕೆಳಗಿನ ಅಂಕಣದ ಸೊಪ್ಪಿನ ಮೇಲೆ ಬಿತ್ತೋ, ಅಲ್ಲಿರೋವೂ ಹೋದ್ವು. ನಮ್ಮತ್ತೆ ಅನ್ನೋರು, ರೋಗ ತಲೆಗೇರಿದ ಹುಳ ಅಂತ.

— ನಿಮ್ಮತ್ತೆ ಯಾವ ಪುಸ್ತಕಾನೂ ಓದದೆ ಅಂದ ಮಾತಿಗೆ ಸಾಕ್ಷಿ ಸಿಕ್ಕಿದ್ದು ತೀರ ಈಚೆಗೆ. ಹಾಲುತೊಂಡೆ ರೋಗ ತರೋದು ಒಂದು ವೈರಸ್. ಹೊಕ್ಕ ಮೂರು ನಾಲ್ಕು ದಿನಕ್ಕೆ ಹುಳ ಹೀಗೆ ಓಡಾಡೋಕೆ ಶುರು ಮಾಡುತ್ತೆ. ರೋಗದ ಸಂಕಟಕ್ಕೆ ಒದ್ದಾಡ್ತಿದೆ ಅಂತಲೇ ಯಾರಾದರೂ ಅಂದುಕೊಳ್ಳೋದು. 2005ರಲ್ಲಿ ಜಪಾನ್, ಅಮೆರಿಕದ ವಿಜ್ಞಾನಿಗಳು ಒಂದು ಕೆಲಸ ಮಾಡಿದರು. ವೈರಸ್ಸಿನಲ್ಲಿದ್ದ ಪಿಟಿಪಿ ಅನ್ನೋ ಒಂದೇ ಒಂದು ಜೀನನ್ನು ತೆಗೆದುಹಾಕಿ, ಆ ವೈರಸ್ಸನ್ನ ಹುಳಕ್ಕೆ ಹತ್ತಿಸಿದರು. ರೋಗ ಬಂತು, ಹುಳ ಸತ್ತೂ ಹೋಯ್ತು. ಆದರೆ ಆ ಓಡಾಟ ಮಾತ್ರ ಬರಲಿಲ್ಲ.

— ಅಂದ್ರೆ ಸಂಕಟಕ್ಕೆ ನಡೆಯೋದಲ್ಲ.

— ಅಲ್ಲ. ನಡೆಸ್ತಿರೋದು ವೈರಸ್ಸು. 2012ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು ಇನ್ನೂ ಒಳಗೆ ಹೋಗಿ ನೋಡಿದರು. ಆ ಜೀನ್ ಇಲ್ಲದ ವೈರಸ್ ಹುಳದ ಮೆದುಳಿಗೆ ಸರಿಯಾಗಿ ಹೊಕ್ಕೋಕೆ ಆಗಲ್ಲ. ಆ ಜೀನ್ ಇದ್ದರೆ ಮೆದುಳಿನೊಳಗೆ ಚೆನ್ನಾಗಿ ಹಬ್ಬುತ್ತೆ, ಆಮೇಲೆ ಓಡಾಟ ಶುರು. ಇನ್ನೊಂದು ವಿಷಯ ಕೇಳು: ಆ ಜೀನ್ ಮೂಲದಲ್ಲಿ ವೈರಸ್ಸಿನದೂ ಅಲ್ಲ. ಯಾವುದೋ ಕಾಲದಲ್ಲಿ ಹುಳದ ಜಾತಿಯಿಂದಲೇ ಕದ್ದು ಇಟ್ಕೊಂಡಿದ್ದು.

— ಹುಳದ ಮನೆ ಬೀಗದ ಕೈನ ಹುಳದ ಹತ್ರಾನೇ ಕದ್ದಿದೆ ಅನ್ನು. ಅದಕ್ಕೆ ಏನು ಲಾಭ?

— ನೀನೇ ಹೇಳಿದೆಯಲ್ಲ, ಮೇಲಿಂದ ಒಡೆದು ಕೆಳಗಿನ ಸೊಪ್ಪಿನ ಮೇಲೆ ಬೀಳುತ್ತೆ ಅಂತ. ಕೂತಲ್ಲೇ ಸತ್ತರೆ ರೋಗ ಅಲ್ಲಿಗೇ ನಿಲ್ಲುತ್ತೆ. ಊರೆಲ್ಲ ತಿರುಗಿ, ಎತ್ತರಕ್ಕೆ ಹತ್ತಿ ಸತ್ತರೆ ಹರಡುತ್ತೆ. ವೈರಸ್ಸಿಗೆ ಕಾಲಿಲ್ಲ, ಮೆದುಳಿಲ್ಲ, ಆಲೋಚನೆ ಇಲ್ಲ. ಹುಳದ ಕಾಲು, ಹುಳದ ನರ, ಹುಳದ ಮೆದುಳೇ ಅದರ ವಾಹನ.

— ಹಂಗಾದ್ರೆ ಆ ಅಂಚಲ್ಲಿ ನಡೀತಿರೋದು ಯಾರು? ಹುಳಾನಾ, ರೋಗಾನಾ?

— ಅದು ಪಾಠದಲ್ಲಿ ಬರೋ ಎಲ್ಲಾ ಪ್ರಶ್ನೆಗಳಿಗಿಂತ ದೊಡ್ಡದು ದೊಡ್ಡಮ್ಮ. ಹುಳದ ಮೆದುಳು ಅಂದ್ರೆ ತಲೆಯೊಳಗೆ ಒಂದು ಚುಕ್ಕಿ ಅಷ್ಟೆ. ಅಲ್ಲಿಂದ ಹೊಟ್ಟೆಯ ಉದ್ದಕ್ಕೂ ಗಂಟು ಗಂಟಾಗಿ ಒಂದು ನರದ ಸರ ಇಳಿದಿದೆ. ಒಂದು ಕಾಲಾದ ಮೇಲೆ ಇನ್ನೊಂದು ಎತ್ತಿಡೋ ಲಯ ಆ ಗಂಟುಗಳಲ್ಲೇ ಹುಟ್ಟುತ್ತೆ. ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು, ಯಾವ ಕಡೆ ತಿರುಗಬೇಕು ಅನ್ನೋದರ ಹತೋಟಿ ತಲೆಯ ಕಡೆಯದು. ನಾವು ಗುಣ ಅಂತೀವಿ, ಸ್ವಭಾವ ಅಂತೀವಿ, ಹಟ ಅಂತೀವಿ. ಹುಳದಲ್ಲಿ ಅದಕ್ಕೊಂದು ಜಾಗ ಇದೆ. ಆ ಜಾಗ ಕೆಟ್ಟರೆ ನಡತೆ ಕೆಡುತ್ತೆ.

— ತಾಳು. ಹಣ್ಣು ಹುಳಾನೂ ನಡೀತದಲ್ಲ? ಗೂಡು ಕಟ್ಟೋ ಹೊತ್ತಿಗೆ ಅದೂ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಂಚು ಹುಡುಕ್ತದೆ. ಮೈ ಪಾರದರ್ಶಕ ಆಗಿ, ಸ್ವಲ್ಪ ಗಿಡ್ಡ ಆಗಿರ್ತದೆ. ಅದಕ್ಕೂ ವೈರಸ್ಸಾ?

— ಇಲ್ಲ, ಅದು ಹುಳದ ಸ್ವಂತ ಮೆದುಳಿನ ಲೆಕ್ಕ. ಅದನ್ನ ಕಂಡುಕೊಂಡ ಕತೆ ನನಗೆ ತುಂಬ ಇಷ್ಟ. ಪೋಲೆಂಡಿನ ಸ್ಟೆಫಾನ್ ಕೊಪೆಚ್ ಅನ್ನೋರು, 1917ರಿಂದ 1922ರ ನಡುವೆ, ಕಾಡುಮರ ತಿನ್ನೋ ಒಂದು ಜಾತಿ ಕಂಬಳಿಹುಳದ ನಡುವಿಗೆ ದಾರ ಬಿಗಿದು ಕಟ್ಟಿದರು. ಕೊನೇ ಜ್ವರ ಎದ್ದು ಹತ್ತು ದಿನದೊಳಗೆ ಕಟ್ಟಿದರೆ ದಾರದ ಮುಂದಿನ ಭಾಗ ಮಾತ್ರ ಪ್ಯೂಪಾ ಆಗ್ತಿತ್ತು, ಹಿಂದಿನ ಭಾಗ ಹುಳವಾಗೇ ಉಳೀತಿತ್ತು. ಆಮೇಲೆ ಕಟ್ಟಿದರೆ ಎರಡೂ ಭಾಗ ಬದಲಾಗ್ತಿದ್ವು. ಮೆದುಳನ್ನೇ ಬೇಗ ತೆಗೆದುಬಿಟ್ಟರೆ ಹುಳ ಹುಳವಾಗೇ ಇರ್ತಿತ್ತು. ನರದ ಸರ ಕತ್ತರಿಸಿದರೆ ಮಾತ್ರ ಏನೂ ವ್ಯತ್ಯಾಸ ಆಗಲಿಲ್ಲ.

— ನರ ಕತ್ತರಿಸಿದರೂ ಸುದ್ದಿ ಹೋಯ್ತಾ?

— ಹೋಯ್ತು, ರಕ್ತದ ಮೂಲಕ. ಮೆದುಳು ಒಂದು ರಸ ಬಿಡುತ್ತೆ, ಅದು ಎದೆಯ ಹತ್ತಿರದ ಗ್ರಂಥಿಯನ್ನ ಎಬ್ಬಿಸುತ್ತೆ, ಆ ಗ್ರಂಥಿ ಎಕ್ಡೈಸೋನ್ ಅನ್ನೋ ಹಾರ್ಮೋನ್ ಬಿಡುತ್ತೆ. ಮೆದುಳು ಹಾರ್ಮೋನ್ ಬಿಡುತ್ತೆ ಅಂತ ಯಾವುದೇ ಪ್ರಾಣಿಯಲ್ಲಿ ಮೊದಲು ತೋರಿಸಿದ್ದು ಆ ಹುಳದ ಪ್ರಯೋಗವೇ. ಎಕ್ಡೈಸೋನನ್ನ ಶುದ್ಧವಾಗಿ ಬೇರೆ ಮಾಡಿದ್ದು 1954ರಲ್ಲಿ, ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್. 500 ಕಿಲೋ ರೇಷ್ಮೆ ಪ್ಯೂಪಾ ಅರೆದು ಸಿಕ್ಕಿದ್ದು ಬರೀ 25 ಮಿಲಿಗ್ರಾಂ! ನೀನು ಜ್ವರಕ್ಕೆ ಕೂರೋದು ಅಂತೀಯಲ್ಲ, ಹಣ್ಣಾಗೋದು ಅಂತೀಯಲ್ಲ, ಎರಡರ ಹಿಂದೆಯೂ ಇರೋದು ಈ ರಸ. ಕೊನೇ ಹಂತದಲ್ಲಿ ಅದು ಏರಿದಾಗ ಹುಳದ ನರಮಂಡಲವೇ ತನ್ನ ಕಾರ್ಯಕ್ರಮ ಬದಲಾಯಿಸುತ್ತೆ. ತಿನ್ನೋದು ನಿಲ್ಲುತ್ತೆ, ಅಲೆದಾಟ ಶುರುವಾಗುತ್ತೆ, ಜಾಗ ಸಿಕ್ಕಿದ ಮೇಲೆ ತಲೆ ಎಂಟರ ಆಕಾರದಲ್ಲಿ ತಿರುಗೋಕೆ ಶುರುವಾಗುತ್ತೆ. ಯಾರೂ ಕಲಿಸಿಲ್ಲ. ತಾಯಿ ಚಿಟ್ಟೆ ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಸತ್ತಿರುತ್ತೆ.

— ಹಂಗಾದ್ರೆ ನಾವು ಚಿಮುಕಿಸ್ತೀವಲ್ಲ, ಸಂಪೂರ್ಣ?

— ಅದೇ! ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಗಿಡದಿಂದ ತೆಗೆದದ್ದು. ಎಕ್ಡೈಸೋನಿನ ಥರದ್ದೇ ವಸ್ತು ಗಿಡಗಳಲ್ಲೂ ಇರುತ್ತೆ. ಅಲ್ಲೊಂದು ಇಲ್ಲೊಂದು ಹುಳ ಹಣ್ಣಾಗೋ ಹೊತ್ತಿಗೆ ಸೊಪ್ಪಿನ ಮೇಲೆ ನೀನು ಅದನ್ನ ಚಿಮುಕಿಸ್ತೀಯ, ಎಲ್ಲವೂ ಒಟ್ಟಿಗೆ ಹಣ್ಣಾಗ್ತವೆ, ಗೂಡು ಕಟ್ಟೋ ಚಂದ್ರಿಕೆಗೆ ಒಂದೇ ಸಲ ಬಿಡಬಹುದು, ಕೂಲಿ ಉಳಿಯುತ್ತೆ. ಕೊಪೆಚ್ ದಾರ ಕಟ್ಟಿ ಹುಡುಕಿದ್ದನ್ನ ನೀನು ಪ್ರತಿ ಬೆಳೆಗೂ ಬಾಟಲಿಯಿಂದ ಸುರೀತಿದ್ದೀಯ.

— ನಾನು ಅದನ್ನ ಶಕ್ತಿ ಔಷಧಿ ಅಂದ್ಕೊಂಡಿದ್ದೆ.

— ಅಲ್ಲ, ಅದು ಸುದ್ದಿ. ಹುಳದ ಮೈಗೆ ಹೊರಗಿಂದ ಕೊಡೋ ಸುದ್ದಿ. ಇದನ್ನ ಹಾಲು ಹುಳದ ಜೊತೆ ಇಟ್ಟು ನೋಡು. ಹಾಲು ಹುಳ ಜ್ವರಕ್ಕೆ ಸರಿಯಾಗಿ ಕೂರಲ್ಲ ಅಂತೀಯಲ್ಲ?

— ಹೌದು. ಮಿಕ್ಕವೆಲ್ಲ ತಲೆ ಎತ್ತಿ ಅಲ್ಲಾಡದೆ ಕೂತಿರ್ತವೆ, ಇವು ಮಾತ್ರ ಹೊಳೀತಾ ಓಡಾಡ್ತಿರ್ತವೆ. ಹಂಗಿದ್ರೆ ಆರಿಸಿ ತೆಗೀಬೇಕು.

— ಈ ಜಾತಿ ವೈರಸ್ಸುಗಳಲ್ಲಿ ಇಜಿಟಿ ಅಂತ ಇನ್ನೊಂದು ಜೀನ್ ಇದೆ. ಅದು ಹುಳದ ರಕ್ತದಲ್ಲಿರೋ ಎಕ್ಡೈಸೋನನ್ನ ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತೆ. 1989ರಲ್ಲಿ ಗೊತ್ತಾಗಿದ್ದು. ಕೊಪೆಚ್ ದಾರ ಕಟ್ಟಿದ ಅದೇ ಕಂಬಳಿಹುಳಕ್ಕೂ ಒಂದು ವೈರಸ್ ಇದೆ. ರೋಗ ಬಂದ ಹುಳ ಮರದ ತುದಿಗೆ ಹತ್ತಿ ಸಾಯುತ್ತೆ. 2011ರಲ್ಲಿ ಅಮೆರಿಕದವರು ಆ ವೈರಸ್ಸಿನಿಂದ ಇಜಿಟಿ ತೆಗೆದರು, ಹುಳ ಮೇಲಕ್ಕೆ ಹತ್ತದೆ ಕೆಳಗೇ ಸತ್ತಿತು. ಅಂದರೆ ನಡತೆಯನ್ನ ಹಿಡಿಯೋಕೆ ಎರಡು ದಾರಿ: ಒಂದು ನರದ್ದು, ಇನ್ನೊಂದು ರಕ್ತದಲ್ಲಿ ಹರಿಯೋ ರಸದ್ದು. ರೋಗ ಎರಡನ್ನೂ ಹಿಡಿದಿದೆ. ನೀನು ಕಣ್ಣಲ್ಲಿ ನೋಡಿ ಆರಿಸೋದು ಆ ಎರಡರ ಗುರುತನ್ನೇ.

— ಒಂದು ಕೇಳ್ತೀನಿ. ಈ ಹುಳ ಬೇರೆ ಸೊಪ್ಪು ಯಾಕೆ ತಿನ್ನಲ್ಲ? ಬೇಸಗೇಲಿ ಬೋರ್‌ವೆಲ್ ಬತ್ತಿ ತೋಟ ಒಣಗಿದಾಗ ಎಷ್ಟು ಕಷ್ಟ ಪಟ್ಟಿದ್ದೀವಿ. ಪಕ್ಕದಲ್ಲೇ ಬೇರೆ ಹಸುರು ಇರ್ತದೆ, ಇದು ಹಸಿದು ಸಾಯ್ತದೆ ಹೊರತು ಮುಟ್ಟಲ್ಲ. ಎಂಥ ಹಟ!

— ಅದೂ ಹಟ ಅಲ್ಲ, ನಾಲಿಗೆಯ ನರ. ಹುಳದ ಬಾಯಿ ಹತ್ತಿರ ಕಹಿ ಗುರುತಿಸೋ ಒಂದು ಗ್ರಾಹಕ ಇದೆ, ಜಿಆರ್66 ಅಂತ ಹೆಸರು. 2019ರಲ್ಲಿ ಚೀನಾದವರು ಅದರ ಜೀನನ್ನ ಕೆಡಿಸಿ ನೋಡಿದರು. ಆ ಹುಳಗಳು ಹಿಪ್ಪುನೇರಳೆ ಜೊತೆಗೆ ಸೇಬನ್ನೂ ತಿಂದ್ವು, ಜೋಳದ ಕಾಳನ್ನೂ ತಿಂದ್ವು. ಸಾವಿರಾರು ವರ್ಷದ ನಿಷ್ಠೆ ಅಂತ ನಾವು ಅಂದುಕೊಂಡಿದ್ದು ಒಂದು ಜೀನಿನ ಮೇಲೆ ನಿಂತಿತ್ತು.

— ಚಿಟ್ಟೆ ಹೆಂಗೆ? ಬಿತ್ತನೆ ಕೋಠೀಲಿ ನೋಡಿದ್ದೀನಿ, ಗಂಡು ಚಿಟ್ಟೆ ರೆಕ್ಕೆ ಬಡೀತಾ ಸುತ್ತಿ ಸುತ್ತಿ ಹೆಣ್ಣಿನ ಹತ್ರಾನೇ ಬರ್ತದೆ. ಕಣ್ಣು ಕಾಣ್ತದಾ ಅದಕ್ಕೆ?

— ವಾಸನೆ. ಆ ವಾಸನೆಯ ವಸ್ತುವಿನ ಹೆಸರು ಬಾಂಬಿಕಾಲ್. ಜಗತ್ತಿನಲ್ಲಿ ಮೊದಲು ಗುರುತಿಸಿದ ಫೆರೋಮೋನ್ ನಿನ್ನ ಈ ಹುಳದ ಚಿಟ್ಟೇದು, 1959ರಲ್ಲಿ. ಅದೇ ಬುಟೆನಾಂಟ್, ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ತೆಗೆದರು. ಗಂಡಿನ ಮೀಸೆಯ ಒಂದು ನರಕೋಶ ಮಿಡಿಯೋಕೆ ಒಂದೇ ಒಂದು ಅಣು ಸಾಕು. ವಾಸನೆ ತಾಕಿದ ಕೂಡಲೇ ನೇರ ನಡಿಗೆ, ತಪ್ಪಿದರೆ ಅಂಕುಡೊಂಕು, ಆಮೇಲೆ ಸುತ್ತು. 2013ರಲ್ಲಿ ಟೋಕಿಯೋದವರು ಗಂಡು ಚಿಟ್ಟೆಯನ್ನ ಒಂದು ಚೆಂಡಿನ ಮೇಲೆ ನಿಲ್ಲಿಸಿ, ಅದರ ಕಾಲಿನ ಚಲನೆಯಿಂದ ಪುಟ್ಟ ಗಾಡಿ ಓಡೋ ಹಾಗೆ ಮಾಡಿದರು. ಚಿಟ್ಟೆ ಆ ಗಾಡಿಯನ್ನ ವಾಸನೆಯ ಕಡೆಗೆ ಓಡಿಸಿಕೊಂಡು ಹೋಯ್ತು.

— ಚೆನ್ನಾಗಿದೆ. ಆದ್ರೆ ನೀನು ಎಲ್ಲಿಗೆ ಬರ್ತಿದ್ದೀಯ ಅಂತ ನನಗೆ ಗೊತ್ತು. ಕೆರೆ ಕಡೆ ಮನೆ ಸೊಸೆ ವಿಷಯ ತಾನೇ? ಬಂದಾಗಿಂದ ಅದನ್ನೇ ಕೇಳ್ತಿದ್ದೀಯ.

— ಹೌದು. ನಿನ್ನೆ ಅವರತ್ತೆ ಇಲ್ಲಿ ಕೂತು ಹೇಳಿದ್ದನ್ನ ನೀನೇ ಇನ್ನೊಂದು ಸಲ ಹೇಳು.

— ಆ ಹುಡುಗಿ ಕೆಲಸ ಮಾಡ್ತಾ ಮಾಡ್ತಾ ನಿಂತುಬಿಡ್ತಾಳಂತೆ. ಕಣ್ಣು ಎಲ್ಲೋ ನೆಟ್ಟಿರ್ತದೆ. ಬಾಯಿ ಚಪ್ಪರಿಸ್ತಾಳೆ, ಸೆರಗು ಹಿಡಿದು ಹೊಸಕ್ತಾ ಇರ್ತಾಳೆ. ಕರೆದರೆ ಓಗೊಡಲ್ಲ. ಒಂದೆರಡು ನಿಮಿಷ ಆದ್ಮೇಲೆ ಮಂಕಾಗಿ ಕೂತ್ಕೊಳ್ತಾಳೆ, ಏನಾಯ್ತೇ ಅಂದ್ರೆ ಏನೂ ನೆನಪಿಲ್ಲ ಅಂತಾಳೆ. ನಾಟಕ ಅಂತ ಗಂಡ ಹೊಡೆದಿದ್ದಾನೆ. ಗಾಳಿ ಅಂತ ಎರಡು ಕಡೆ ತಾಯತ ಕಟ್ಟಿಸಿದ್ದಾರೆ. ಮೊನ್ನೆ ಒಲೆ ಮುಂದೆ ಹಂಗೆ ಆಗಿ ಕೈ ಸುಟ್ಟುಕೊಂಡವಳೆ.

— ದೊಡ್ಡಮ್ಮ, ನಾನು ಡಾಕ್ಟರ್ ಅಲ್ಲ. ಆದರೆ ನೀನು ಹೇಳಿದ್ದು ಅಷ್ಟೂ ಒಂದು ಜಾತಿ ಮೂರ್ಛೆಯ ಲಕ್ಷಣ. ಮೂರ್ಛೆ ಅಂದರೆ ಬಿದ್ದು ನೊರೆ ಕಾರೋದೊಂದೇ ಅಲ್ಲ. ಕಿವಿಯ ಮೇಲ್ಭಾಗದಲ್ಲಿ, ತಲೆಬುರುಡೆಯ ಒಳಗೆ, ಮೆದುಳಿನ ಒಂದು ಭಾಗದ ಕೋಶಗಳು ಒಟ್ಟಿಗೇ ಅಬ್ಬರಿಸಿ ಮಿಡಿದರೆ ಹೀಗೆ ಆಗಬಹುದು. ಬಾಯಿ ಚಪ್ಪರಿಸೋದು, ಬಟ್ಟೆ ಹೊಸಕೋದು, ದಿಟ್ಟಿಸೋದು, ಮರೆತುಹೋಗೋದು. ಅವಳು ಮಾಡ್ತಿರೋದಲ್ಲ ಅದು, ಅವಳಿಗೆ ಆಗ್ತಿರೋದು. ಅದಕ್ಕೆ ಒಬ್ಬಳನ್ನ ಹೊಡೀತಾರಲ್ಲ, ನನಗೆ ನಿನ್ನೆಯಿಂದ ನಿದ್ದೆ ಬಂದಿಲ್ಲ.

— ಸಿಟ್ಟು ಮಾಡ್ಕೋಬೇಡ. ನಾನು ಒಂದು ಮಾತು ಕೇಳಲೇಬೇಕು. ಮನುಷ್ಯರೂ ಹುಳಾನೂ ಒಂದೇ ಏನೇ? ಹುಳಕ್ಕೆ ಒಂದು ಚುಕ್ಕಿ ಮೆದುಳು, ನಡೆಸಿದಂಗೆ ನಡೀತದೆ. ನಮಗೆ ಬುದ್ಧಿ ಐತೆ, ಮನಸ್ಸು ಐತೆ.

— ಒಂದೇ ಅಲ್ಲ. ಹಣ್ಣುನೊಣದ ಮರಿಹುಳದ ಮೆದುಳಿನ ಪೂರ್ತಿ ನಕ್ಷೆ 2023ರಲ್ಲಿ ಬಂತು, ಅದರಲ್ಲಿರೋದು 3,016 ನರಕೋಶ. ನಮ್ಮ ಮೆದುಳಲ್ಲಿ ಸುಮಾರು 8,600 ಕೋಟಿ. ನಾವು ಕಲೀತೀವಿ, ಮಾತಾಡ್ತೀವಿ, ಮಾಡಿದ್ದನ್ನ ನೆನೆಸಿಕೊಂಡು ನಾಚಿಕೊಳ್ತೀವಿ. ಆದರೆ ಆ ಬುದ್ಧಿ, ಆ ನಾಚಿಕೆ ಕೂಡ ಒಂದು ಅಂಗದ ಕೆಲಸ. ಅದಕ್ಕೂ ರಕ್ತ ಬೇಕು, ನಿದ್ದೆ ಬೇಕು. ಅದಕ್ಕೂ ಏಟು ಬೀಳುತ್ತೆ, ಅದಕ್ಕೂ ರೋಗ ಬರುತ್ತೆ. ಹುಚ್ಚು ನಾಯಿ ಕಡಿತ ನೋಡು. ಆ ವೈರಸ್ ಗಾಯದಿಂದ ನರದ ದಾರಿ ಹಿಡಿದೇ ಮೆದುಳಿಗೆ ಹೋಗುತ್ತೆ. ಸಾಧು ನಾಯಿ ಕಚ್ಚೋಕೆ ಬರುತ್ತೆ, ಜೊಲ್ಲಿನಲ್ಲಿ ವೈರಸ್ ತುಂಬಿರುತ್ತೆ. ಮನುಷ್ಯನಿಗೆ ನೀರು ಕಂಡರೆ ಗಂಟಲು ಹಿಡಿಯುತ್ತೆ. ಲಕ್ಷಣ ಶುರುವಾದ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬೇಕು. ಕಚ್ಚಿದ ತಕ್ಷಣ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಲಸಿಕೆ ಹಾಕಿಸಿದರೆ ಬದುಕ್ತಾರೆ. ಅಲ್ಲಿ ಯಾರೂ ಆ ನಾಯಿಯ ಗುಣ ಕೆಟ್ಟಿತು ಅನ್ನಲ್ಲ. ರೋಗ ಅಂತೀವಿ.

— ಸರಿ. ಆದ್ರೆ ಇದೇ ಮಾತು ಹಿಡ್ಕೊಂಡು, ಕುಡಿದು ಬಂದು ಹೆಂಡ್ತಿಗೆ ಹೊಡೆಯೋನೂ ನನ್ನದೇನೂ ಇಲ್ಲ, ಮೆದುಳು ಮಾಡಿಸ್ತು ಅಂದ್ರೆ?

— ಅದು ಕಷ್ಟದ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕುಡಿತ ಮೆದುಳನ್ನ ನಿಜಕ್ಕೂ ಬದಲಾಯಿಸುತ್ತೆ, ಬಿಡೋದು ಬರೀ ಮನಸ್ಸು ಗಟ್ಟಿ ಮಾಡೋದರಿಂದ ಆಗಲ್ಲ, ಅದಕ್ಕೂ ಚಿಕಿತ್ಸೆ ಬೇಕು. ಅಷ್ಟಾದರೂ, ಬೆಳಿಗ್ಗೆ ಎದ್ದಾಗ ಅವನಿಗೆ ತಾನು ಮಾಡಿದ್ದು ಗೊತ್ತಿರುತ್ತೆ. ಸಹಾಯ ಕೇಳೋ ದಾರಿ ತೆರೆದಿರುತ್ತೆ. ಆ ದಾರಿ ಹಿಡಿಯದೆ ಮತ್ತೆ ಹೊಡೆದರೆ ಅದು ಅವನ ತಪ್ಪೇ. ಮೂರ್ಛೆ ಬಂದ ಹುಡುಗಿಗೆ ಆ ಎರಡು ನಿಮಿಷದಲ್ಲಿ ಯಾವ ದಾರಿಯೂ ಇಲ್ಲ.

— ನಾನಾದ್ರೆ ಅವನಿಗೆ ಬೈಯ್ಯೋದೂ ಬೈತೀನಿ, ಆಸ್ಪತ್ರೆಗೂ ಎಳ್ಕೊಂಡು ಹೋಗ್ತೀನಿ. ಎರಡೂ ಬೇಕು. ಈ ಹುಡುಗಿಗೆ ಬೈಗುಳ ಬೇಡ, ಆಸ್ಪತ್ರೆ ಮಾತ್ರ. ಅಷ್ಟು ನನಗೆ ಅರ್ಥ ಆಯ್ತು. ಆದ್ರೆ ಅವರು ಹೋಗೋದೆಲ್ಲಿಗೆ? ಬೆಂಗಳೂರಿನ ನಿಮ್ಹಾನ್ಸ್ ಅಂದ್ರೆ ಊರಲ್ಲಿ ಹುಚ್ಚಾಸ್ಪತ್ರೆ ಅಂತಾರೆ. ಮನೆ ಮರ್ಯಾದೆ ಅಂತ ಹೆದರ್ತಾರೆ.

— ಆ ಹೆದರಿಕೆ ಹಳೇದು. ಅದಕ್ಕೇ ನಿಮ್ಹಾನ್ಸಿನವರು 1970ರ ದಶಕದಲ್ಲೇ ಸಕಲವಾರದಲ್ಲಿ ಹಳ್ಳಿ ಜನಕ್ಕೆ ಅಂತ ಕೇಂದ್ರ ಮಾಡಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಮೂರ್ಛೆ, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಮಾತ್ರೆ ಸಿಗೋ ಹಾಗೆ ಮಾಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಕರ್ನಾಟಕ ಕೊಟ್ಟ ದೊಡ್ಡ ಕೊಡುಗೆ ಅದು, ನಮಗೇ ಸರಿಯಾಗಿ ಗೊತ್ತಿಲ್ಲ. ಈಗ ಬೆಂಗಳೂರಿಗೂ ಹೋಗಬೇಕಾಗಿಲ್ಲ. 2022ರಲ್ಲಿ ಸರ್ಕಾರ, ನಿಮ್ಹಾನ್ಸ್ ಸೇರಿ ಮೆದುಳಿನ ಆರೋಗ್ಯಕ್ಕೆ ಕಭಿ ಅನ್ನೋ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ ಒಂದು. ಮೂರ್ಛೆ, ಪಾರ್ಶ್ವವಾಯು, ತಲೆನೋವು, ಮರೆವು, ಇವಕ್ಕೆಲ್ಲ ಜಿಲ್ಲಾ ಆಸ್ಪತ್ರೆಯ ಕ್ಲಿನಿಕ್.

— ಮಾತ್ರೆ ತಿಂದ್ರೆ ವಾಸಿ ಆಗ್ತದಾ, ಇಲ್ಲ ಜೀವನ ಪೂರ್ತಿ ಹಿಂಗೇನಾ?

— ಸರಿಯಾದ ಮಾತ್ರೆ ಬಿಡದೆ ತಗೊಂಡರೆ ಮೂರ್ಛೆ ಇರೋ ನೂರು ಜನರಲ್ಲಿ ಎಪ್ಪತ್ತು ಜನ ಅದು ಬರದ ಹಾಗೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಮಾತ್ರೆಯನ್ನ ತಾವಾಗೇ ನಿಲ್ಲಿಸಬಾರದು, ಅದೇ ಅಪಾಯ. ಮಗು ಬೇಕು ಅಂದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

— ನಾನು ಈಗಲೇ ಹೋಗಿ ಅವರತ್ತೆ ಹತ್ರ ಮಾತಾಡ್ತೀನಿ. ನೀನು ಬಂದ್ರೆ ಓದಿದ ಹುಡುಗಿ ಏನೋ ಹೇಳ್ತಾಳೆ ಅಂತಾರೆ. ನಾನು ಹುಳದ ಲೆಕ್ಕದಲ್ಲೇ ಹೇಳ್ತೀನಿ. ಅವರೂ ಹುಳ ಸಾಕೋರೇ, ಹಾಲು ಹುಳ ಯಾಕೆ ನಡೀತದೆ ಅಂದ್ರೆ ಕೇಳ್ತಾರೆ. ಬೇರೆ ಏನು ಹೇಳ್ಬೇಕು, ಒಂದೊಂದಾಗಿ ಹೇಳು.

— ಮುಂದಿನ ಸಲ ಹಾಗೆ ಆದಾಗ ಹೆದರದೆ ಫೋನಲ್ಲಿ ವಿಡಿಯೋ ಮಾಡಿಕೊಳ್ಳಲಿ, ಡಾಕ್ಟರಿಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಎಷ್ಟು ಹೊತ್ತು ಇತ್ತು ಅಂತ ಗಡಿಯಾರ ನೋಡಲಿ. ಒಲೆ, ಬಾವಿ, ಕೆರೆ ಹತ್ತಿರ ಅವಳನ್ನ ಒಂಟಿಯಾಗಿ ಬಿಡಬಾರದು. ಬಿದ್ದು ಒದ್ದಾಡಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಗೆ ಕಬ್ಬಿಣ, ಬೀಗದ ಕೈ ಕೊಡೋದು, ಈರುಳ್ಳಿ ಮೂಸಿಸೋದು, ಬಾಯಿಗೆ ಚಮಚ ತುರುಕೋದು, ನೀರು ಹುಯ್ಯೋದು ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಲಿ.

— ಅವಳ ಗಂಡನಿಗೆ?

— ಕೈ ಎತ್ತಬಾರದು ಅಂತ ಹೇಳು. ಅವನೇ ಜೊತೆಗೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳೋದನ್ನ ತನ್ನ ಕಿವಿಯಲ್ಲೇ ಕೇಳಿಸಿಕೊಳ್ಳಲಿ. ಯಾರಿಗಾದರೂ ಮನಸ್ಸಿನ ಸಂಕಟ ಇದ್ದು, ಎದುರಿಗೆ ಹೇಳಿಕೊಳ್ಳೋಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ.